ಮುಳುಗಡೆ ಮಾಸ್ತರರ ಊರುಗಳು

ನಮ್ಮ ಅಕ್ಕನ ಗಂಡ ಒಂದೇ ಮನೆಗೆ ಎರಡನೆಯ ಸಲ ಸುಣ್ಣ ಬಳಿಸಿದ್ದನ್ನು ಕಂಡವರು ಈ ಭೂಮಿಯ ಮೇಲೆ ಯಾರೂ ಇಲ್ಲ. ಬಳಿದ ಸುಣ್ಣ ಮಾಸುವಷ್ಟರಲ್ಲಿ ಅವರು ಬೇರೆ ಊರಿನಲ್ಲಿ, ಬೇರೆ ಗೋಡೆಗೆ ಮೊಳೆ ಹೊಡೆಯುತ್ತಿದ್ದರು. ಹಾಗೆಂದು ಅವರೇನು ನಾಟಕ ಕಂಪನಿಯವರಲ್ಲ, ಪೊಲೀಸರಲ್ಲ, ಊರೂರು ತಿರುಗಿ ಪಾತ್ರೆಗೆ ಕಲಾಯಿ ಹಾಕುವವರೂ ಅಲ್ಲ. ಸರಕಾರಿ ಹೈಸ್ಕೂಲಿನಲ್ಲಿ ಭೂಗೋಳ ಕಲಿಸುವ ಮಾಸ್ತರರು. ಭೂಗೋಳ ಕಲಿಸುವವರು ಭೂಮಿಯ ಮೇಲೆಲ್ಲ ಸಂಸಾರ ಹೂಡಿ ನೋಡಬೇಕೆಂದು ಯಾವ ಸರಕಾರ ಹೇಳಿದೆ?

ನಾನು ಅವರನ್ನು ಮಾಮಾ ಎನ್ನುತ್ತಿದ್ದೆ. ನಮ್ಮ ಅವ್ವ ಎದುರಿಗೆ ಸೆರಗು ಹೊದ್ದು ‘ಅಳಿಯಂದ್ರು’ ಎಂದು ಮಾತಾಡಿಸಿ, ಅವರು ಹೊಸ್ತಿಲು ದಾಟಿದ ಕೂಡಲೇ ‘ಭಿಂಗ್ರಿ’ ಎನ್ನುತ್ತಿದ್ದಳು. ಭಿಂಗ್ರಿ ಎಂದರೆ ನಮ್ಮ ಕಡೆ ಗರಗರ ತಿರುಗುವ ಆಟಿಕೆ. ಊರವರು ಇಟ್ಟ ಹೆಸರು ಇನ್ನೂ ಘನವಾಗಿತ್ತು: ಮುಳುಗಡೆ ಮಾಸ್ತರು.

ಆ ಹೆಸರು ಬಂದದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ಮಾಮಾನ ಮನೆ ಬಾಗಲಕೋಟೆಯ ಹಳೆಯ ಊರಿನ ಇಕ್ಕಟ್ಟಾದ ಓಣಿಯಲ್ಲಿತ್ತು. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಕಿಟಕಿ ಎಂಬುದು ಹೆಸರಿಗೆ ಮಾತ್ರ. ಊರ ಪಕ್ಕ ಘಟಪ್ರಭಾ. ಕೆಳಗೆ ಆಲಮಟ್ಟಿಯ ಹತ್ತಿರ ಕೃಷ್ಣೆಗೆ ಆಣೆಕಟ್ಟು ಏಳುತ್ತದೆ, ಹಿನ್ನೀರು ಬಾಗಲಕೋಟೆಗೆ ಬರುತ್ತದೆ ಎಂದು ಚಹಾದಂಗಡಿಗಳಲ್ಲಿ ಮಾತು ನಡೆದಿತ್ತು. ಅದನ್ನು ಕೇಳಿದವರೆಲ್ಲ ಇನ್ನೊಂದು ಕಪ್ ಚಹಾ ಹೇಳಿ ಸುಮ್ಮನಾಗುತ್ತಿದ್ದರು. ಮಾಮಾ ಮಾತ್ರ ಮದುವೆಯಾಗಿ ಒಂದು ವರ್ಷ ತುಂಬುವ ಮೊದಲೇ, ಊಟಕ್ಕೆ ಕೂತಾಗ, ತಮ್ಮ ತಾಯಿಗೆ ಹೇಳಿದರು.

“ಯವ್ವಾ, ಈ ಊರು ಮುಳುಗ್ತೈತಿ. ನಾವು ಬ್ಯಾರೆ ಕಡಿ ಮನಿ ಮಾಡೂದು ಚಲೋ.”

ಆ ತಾಯಿ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. “ನೀರು ಇನ್ನೂ ಹೊಳ್ಯಾಗ ಐತಿ. ನೀ ಈಗ ದೋತರ ಎತ್ತಿ ಕಟ್ಟೀಯಲ್ಲೋ.”

“ಯಾವತ್ತಿದ್ರೂ ಬರೂದ ಅಲ್ಲೇನು?”

“ಸಾವೂ ಯಾವತ್ತಿದ್ರೂ ಬರೂದ. ಹಂಗಂತ ಇವತ್ತ ಕುಣಿ ತೋಡ್ತೀಯೇನು?”

ತಾಯಿ ಕೇಳಿದ್ದು ನ್ಯಾಯವಾಗಿತ್ತು. ಆದರೂ ಮಾಮಾ ಹುನಗುಂದಕ್ಕೆ ಬದಲಿ ಮಾಡಿಸಿಕೊಂಡು ಬಂದರು. ಇಡೀ ಬಾಗಲಕೋಟೆಯಲ್ಲಿ ನೀರಿಗೆ ಹೆದರಿ ಊರು ಬಿಟ್ಟ ಮೊದಲ ಮನುಷ್ಯ ಅವರೇ. ಮುಂದೆ ಎಷ್ಟೋ ವರ್ಷಗಳ ಮೇಲೆ ಊರಿನ ಒಂದು ಭಾಗ ನಿಜವಾಗಿಯೂ ನೀರಿಗೆ ಹೋಯಿತೆನ್ನಿ. ಆದರೆ ಅಂದು, ಬಿರುಬೇಸಿಗೆಯಲ್ಲಿ, ಘಟಪ್ರಭೆಯ ಮರಳಿನಲ್ಲಿ ಎಮ್ಮೆಗಳು ನೀರು ಹುಡುಕುತ್ತಿದ್ದಾಗ ಒಬ್ಬ ಮನುಷ್ಯ ಪ್ರವಾಹದ ಭಯದಿಂದ ಬೀಸುಕಲ್ಲು ಹೊರಿಸಿಕೊಂಡು ಹೊರಟರೆ ಜನ ನಗದೆ ಇನ್ನೇನು ಮಾಡಿಯಾರು?

ಆ ಬೀಸುಕಲ್ಲನ್ನು ಹೊತ್ತವನು ನಾನು. ಆಗಷ್ಟೇ ಬಾಗಲಕೋಟೆಯ ಒಂದು ಸೊಸೈಟಿಯಲ್ಲಿ ಗುಮಾಸ್ತನಾಗಿ ಸೇರಿದ್ದೆ. ರವಿವಾರ ರಜೆ. ಬೇರೆಯವರು ರವಿವಾರ ಸಿನೆಮಾಕ್ಕೆ ಹೋಗುತ್ತಿದ್ದರು. ನಾನು ಅಕ್ಕನ ಸಂಸಾರ ಸಾಗಿಸಲು ಹೋಗುತ್ತಿದ್ದೆ. ಬಾಡಿಗೆಯ ಟ್ರ್ಯಾಕ್ಟರಿನಲ್ಲಿ ಹಂಡೆ, ಟ್ರಂಕು, ರೊಟ್ಟಿ ಹಂಚು, ಮಾಮಾನ ನಕಾಶೆಗಳ ಸುರುಳಿ, ಎಲ್ಲದರ ಮೇಲೆ ನಾನು. ಯಾವ ಊರಿನಿಂದ ಯಾವ ಊರಿಗೆ ಹೋಗುವುದಿದ್ದರೂ ಮಾಮಾ ಟ್ರ್ಯಾಕ್ಟರನ್ನು ಬಾಗಲಕೋಟೆಯಿಂದಲೇ ತರುತ್ತಿದ್ದುದರಿಂದ, ದಾರಿಯ ಅಮೀನಗಡದಲ್ಲಿ ಇಳಿದು ಕರದಂಟು ತಿನ್ನುವುದು ಕಡ್ಡಾಯ. ವರ್ಷಗಳು ಕಳೆದಂತೆ ಅಲ್ಲಿಯ ಅಂಗಡಿಯವನಿಗೆ ನಮ್ಮ ಗುರುತು ಎಷ್ಟಾಯಿತೆಂದರೆ, ಟ್ರ್ಯಾಕ್ಟರ್ ಕಂಡ ಕೂಡಲೇ ತಕ್ಕಡಿ ಎತ್ತಿ, “ಈ ಸಲ ಯಾವ ದಿಕ್ಕಿಗ್ರಿ ಮಾಸ್ತರ?” ಎನ್ನುತ್ತಿದ್ದ.

“ಪೂರ್ವಕ್ಕ.”

“ಹೋದ ಸಲಾನೂ ಪೂರ್ವಕ್ಕ ಹೋಗಿದ್ರೆಲ್ರಿ?”

“ಅದು ಸ್ವಲ್ಪ ಪೂರ್ವ. ಇದು ಪೂರಾ ಪೂರ್ವ.”

ಸ್ವಲ್ಪ ಪೂರ್ವ ಎಂದರೆ ಹುನಗುಂದ, ಪೂರಾ ಪೂರ್ವ ಎಂದರೆ ಇಲಕಲ್ಲು ಎಂದು ಅವನಿಗೆ ನಾನೇ ಬಿಡಿಸಿ ಹೇಳಬೇಕಾಯಿತು.

ಹುನಗುಂದವನ್ನು ಬಿಡಲು ಮಾಮಾ ಕೊಟ್ಟ ಕಾರಣ ನೆಲದ್ದು. ಅಲ್ಲಿಯದು ಎರೆ ಭೂಮಿ. ಬೇಸಿಗೆಯಲ್ಲಿ ಬಾಯಿ ಬಿಡುತ್ತದೆ. ಒಂದು ಸಂಜೆ ಹೊಲದ ದಾರಿಯಲ್ಲಿ ಅವರ ಒಂದು ಚಪ್ಪಲಿ ಬಿರುಕಿನಲ್ಲಿ ಹೋಯಿತು. ಕೋಲು ಹಾಕಿ ತಡವಿದರೂ ಸಿಗಲಿಲ್ಲ. ಮನೆಗೆ ಬಂದು ಒಂಟಿ ಚಪ್ಪಲಿಯನ್ನು ಕಟ್ಟೆಯ ಮೇಲಿಟ್ಟು, “ಇವತ್ತ ಚಪ್ಪಲಿ ನುಂಗಿದ ನೆಲ ನಾಳೆ ಏನ ನುಂಗ್ತೈತೋ ಯಾರಿಗೆ ಗೊತ್ತು?” ಎಂದರು. ಹುನಗುಂದದಲ್ಲಿ ತಲೆತಲಾಂತರದಿಂದ ಜನ ಆ ನೆಲದ ಮೇಲೆ ಹತ್ತಿ, ಜೋಳ ಬೆಳೆದುಕೊಂಡು ಮೊಮ್ಮಕ್ಕಳನ್ನು ಕಂಡಿದ್ದಾರೆ. ಒಬ್ಬರನ್ನೂ ನೆಲ ನುಂಗಿದ ದಾಖಲೆ ಇಲ್ಲ. ಮಾಮಾನಿಗೆ ದಾಖಲೆ ಯಾರಿಗೆ ಬೇಕಿತ್ತು?

ಇಲಕಲ್ಲಿನಲ್ಲಿ ಮನೆ ಸಿಕ್ಕಿದ್ದು ಸೀರೆ ನೇಯುವವರ ಓಣಿಯಲ್ಲಿ. ಆ ಕಡೆ ಮಗ್ಗ, ಈ ಕಡೆ ಮಗ್ಗ, ನಡುವೆ ಮಾಮಾ. ಕಾರಣ ಹುಡುಕಲು ಹೆಚ್ಚು ದಿನ ಬೇಕಾಗಲಿಲ್ಲ. “ಸಾಲ್ಯಾಗ ಹುಡುಗರು ನದಿಗಳ ಹೆಸರು ಮಗ್ಗದ ತಾಳಕ್ಕ ಹೇಳಾಕತ್ಯಾರ,” ಎಂದರು. “ಕೃಷ್ಣಾ ಕಟಕ್, ಭೀಮಾ ಪಟಕ್ ಅಂತಾರ. ಪರೀಕ್ಷಾದಾಗೂ ಹಂಗ ಬರದ್ರ ನಾ ಏನ ಮಾಡ್ಲಿ?”

ಬದಲಿಯ ಅರ್ಜಿ ಹಿಡಿದು ಶಿಕ್ಷಣ ಇಲಾಖೆಯ ಕಚೇರಿಗೆ ಹೋದಾಗ ನಾನೂ ಜೊತೆಗಿದ್ದೆ. ಅಲ್ಲಿ ಸಾಲಾಗಿ ನಿಂತ ಮಾಸ್ತರರೆಲ್ಲ ಬದಲಿ ರದ್ದು ಮಾಡಿಸಲು ಬಂದವರು. ಒಬ್ಬರ ಮುಖದಲ್ಲೂ ಜೀವವಿರಲಿಲ್ಲ. ಮಾಮಾ ಮಾತ್ರ ಮದುವೆಗೆ ಬಂದವರ ಹಾಗೆ ನಗುತ್ತ ಬದಲಿ ಬೇಡಿದರು. ಗುಮಾಸ್ತ ಕನ್ನಡಕ ತೆಗೆದು ನೋಡಿ ದನಿ ತಗ್ಗಿಸಿದ.

“ಖರೆ ಹೇಳ್ರಿ ಮಾಸ್ತರ. ಊರಾಗ ಏನರ ಭಾನಗಡಿ ಮಾಡ್ಕೊಂಡೀರೇನು?”

“ಇಲ್ರಿ. ಗಾಳಿ ಒಗ್ಗವಲ್ದು.”

“ಗಾಳಿ ಒಗ್ಗಲಿಲ್ಲಂತ ಬದಲಿ ಕೊಟ್ರ, ನಾ ಈ ಕುರ್ಚ್ಯಾಗ ಒಂದಿನಾನೂ ಕುಂದರಬಾರ್ದು ನೋಡ್ರಿ,” ಎಂದು ಗುಮಾಸ್ತ ತನ್ನ ತಲೆಯ ಮೇಲೆ ತಿರುಗದೆ ನಿಂತಿದ್ದ ಫ್ಯಾನು ತೋರಿಸಿದ. ಆದರೂ ಬದಲಿ ಸಿಕ್ಕಿತು. ಬೇಡ ಎನ್ನುವವರ ನಡುವೆ ಬೇಕು ಎನ್ನುವವನೊಬ್ಬ ಸಿಕ್ಕರೆ ಯಾವ ಕಚೇರಿ ಬಿಟ್ಟೀತು?

ಹೀಗೆ ಬಾದಾಮಿ. ಅಲ್ಲಿ ಮನೆ ನೋಡಲು ಹೋದ ದಿನ ಮಾಲಕನಿಗೆ ಬೆವರು ಕಿತ್ತಿತು. ಮಾಮಾ ಬಾಡಿಗೆ ಕೇಳಲಿಲ್ಲ, ನೀರಿನ ವ್ಯವಸ್ಥೆ ಕೇಳಲಿಲ್ಲ. ಒಂದೊಂದೇ ಖೋಲಿಯೊಳಗೆ ಹೋಗಿ, ಗೋಡೆಗೆ ಮೂಗು ಹಚ್ಚಿ ಮೂಸಿ, ಜಂತಿಯ ಮೇಲೆ ಕೈಯಾಡಿಸಿ ಬೆರಳು ನೋಡಿಕೊಂಡರು. ಮಾಲಕ ನನ್ನನ್ನು ಪಕ್ಕಕ್ಕೆ ಕರೆದು, “ಇವರಿಗೇನು ಗೋಡ್ಯಾಗ ಹೂಳಿದ ಬಂಗಾರ ಗೊತ್ತಾಗ್ತೈತೇನ್ರಿ?” ಎಂದು ಕೇಳಿದ. ಗೊತ್ತಾಗುತ್ತದೆ ಎಂದಿದ್ದರೆ ಆತ ಮನೆ ಕೊಡುತ್ತಿರಲಿಲ್ಲ. ಇಲ್ಲ ಎಂದೆ.

ಬಾದಾಮಿಯಲ್ಲಿ ಮಾಮಾನಿಗೆ ಎದುರಾಳಿಗಳಾಗಿ ಸಿಕ್ಕವು ಮಂಗಗಳು. ಒಂದು ದಿನ ಪಾಠಕ್ಕೆಂದು ಶಾಲೆಯ ಗ್ಲೋಬನ್ನು ಕಿಟಕಿಯ ಹತ್ತಿರ ಇಟ್ಟು ತಿರುಗಿ ನೋಡುವಷ್ಟರಲ್ಲಿ ಒಂದು ಗಡವ ಅದನ್ನು ಕಂಕುಳಲ್ಲಿಟ್ಟುಕೊಂಡು ಮಾಳಿಗೆ ಏರಿತು. ಅಲ್ಲಿ ಕೂತು ಇಡೀ ಪ್ರಪಂಚವನ್ನು ತಿರುಗಿಸಿ ತಿರುಗಿಸಿ ನೋಡಿತು, ಕಚ್ಚಿ ನೋಡಿತು, ರುಚಿಯಿಲ್ಲವೆಂದು ಕೆಳಗೆ ಎಸೆಯಿತು. ಶಾಂತ ಮಹಾಸಾಗರ ಇದ್ದಲ್ಲಿ ದೊಡ್ಡ ನೆಗ್ಗು. ಮುಖ್ಯೋಪಾಧ್ಯಾಯರು ಸಿಟ್ಟಿನಿಂದ ಕೇಳಿದಾಗ ಮಾಮಾ ಶಾಂತವಾಗಿ ಹೇಳಿದರು: “ಸರ, ನಮ್ಮ ಹುಡುಗರು ಅಷ್ಟ ಲಕ್ಷ್ಯ ಕೊಟ್ಟು ಅದನ್ನ ಎಂದೂ ನೋಡಿದ್ದಿಲ್ಲ.”

ಅವರು ಪಾಠ ಮಾಡುವುದನ್ನು ಮಾತ್ರ ಯಾರೂ ಹೀಯಾಳಿಸುವಂತಿರಲಿಲ್ಲ. ಕರಾವಳಿಯ ಪಾಠ ಬಂತೆಂದರೆ ಪಕ್ಕದ ತರಗತಿಯ ಹುಡುಗರೂ ಕಿವಿ ಇತ್ತ ಕೊಡುತ್ತಿದ್ದರಂತೆ. ಹಲಗೆಯ ಒಂದು ತುದಿಗೆ ಕಾರವಾರ ಜಿಲ್ಲೆ, ಇನ್ನೊಂದು ತುದಿಗೆ ಬಾಗಲಕೋಟೆ, ನಡುವೆ ಅಡ್ಡ ಗೋಡೆಯಂತೆ ಸಹ್ಯಾದ್ರಿ. “ನೋಡ್ರಿಪಾ, ಸಮುದ್ರದಿಂದ ಮೋಡ ಹೊಂಡತಾವ. ಅಂಕೋಲಾ, ಕುಮಟಾ, ಹೊನ್ನಾವರದಾಗ ಪಂಕ್ತಿಗೆ ಕುಂದರತಾವ. ಗ್ವಾಡಿ ಹತ್ತೂದ್ರಾಗ ಮಳಿ ಎಲ್ಲಾ ಅಲ್ಲೇ ಬಡಸಿ ಮುಗೀತೈತಿ. ಗ್ವಾಡಿ ದಾಟಿ ನಮ್ಮ ಕಡಿ ಬರೂದು ಬರೇ ಗಾಳಿ.”

ಒಬ್ಬ ಹುಡುಗ ಎದ್ದು, “ಹಂಗಾರ ನಮ್ಮ ಘಟಪ್ರಭಾ, ಮಲಪ್ರಭಾದಾಗ ನೀರು ಎಲ್ಲಿಂದ ಬಂತ್ರಿ ಸರ?” ಎಂದ.

“ಅವು ಉಂಡು ಕೈ ತೊಳದ ನೀರಪಾ ಅದು.”

ಆ ದಿನ ತರಗತಿಯ ಹಿಂದೆ ಕೂತಿದ್ದ ಇನ್ಸ್‌ಪೆಕ್ಟರ್ ಸಾಹೇಬರು ಪಾಠ ಮುಗಿದ ಮೇಲೆ, “ನೀವು ಸಮುದ್ರ ನೋಡೀರೇನ್ರಿ?” ಎಂದು ಕೇಳಿದರು.

“ಇಲ್ರಿ ಸಾಹೇಬ್ರ. ಸೂರ್ಯನ ಹತ್ರನೂ ಹೋಗಿ ನೋಡಿಲ್ಲ. ಕಲಸ್ತೇನಿ.”

ಹೀಗೆ ಉತ್ತರ ಕೊಟ್ಟ ಮನುಷ್ಯ ಮರುವರ್ಷವೇ, ಕಲಿಸುವವನು ಸಮುದ್ರ ನೋಡಿರಬೇಕು ಎಂದು ಹೇಳಿ ಕುಮಟಾಕ್ಕೆ ಬದಲಿ ತೆಗೆದುಕೊಂಡರು! ಈ ಸಲ ಅವ್ವ ಸುಮ್ಮನಿರಲಿಲ್ಲ. ಹತ್ತು ಹರದಾರಿಯೊಳಗೆ ತಿರುಗುತ್ತಿದ್ದ ಅಳಿಯ ಈಗ ಘಟ್ಟ ಇಳಿಯುತ್ತಿದ್ದರು. ಅಕ್ಕನ ಮಗಳಿಗೆ ಆಗಲೇ ಶಾಲೆಯಲ್ಲಿ ಯಾರಾದರೂ “ನಿಮ್ಮೂರು ಯಾವುದು?” ಎಂದರೆ “ಯಾವ ವರ್ಷದ್ರಿ?” ಎಂದು ಕೇಳುವ ರೂಢಿಯಾಗಿತ್ತು.

“ನನ್ನ ಮಗಳನ್ನ ಬುಟ್ಟ್ಯಾಗಿನ ಕೋಳಿಯಂಗ ಊರೂರು ಹೊತಗೊಂಡ ತಿರಗ್ಯಾನ. ಈಗ ನೀರಾಗ ಒಗ್ಯಾಕ ಹೊಂಟಾನ,” ಎಂದು ಅವ್ವ ನನ್ನೆದುರು ಅತ್ತಳು. ಮಳೆಗಾಲ ಶುರುವಾದ ಮೇಲೆ, ಅಳಿಯನಿಗೆ ನಾಲ್ಕು ಮಾತು ಹೇಳಿಯೇ ಬರುತ್ತೇನೆಂದು ನನ್ನನ್ನು ಕಟ್ಟಿಕೊಂಡು ಹೊರಟಳು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿದೆವು. ಘಟ್ಟದ ತಿರುವುಗಳಲ್ಲಿ ಅವ್ವ ಕಣ್ಣು ಮುಚ್ಚಿ ಸಂಗಮನಾಥನನ್ನು ಕರೆದಳು. ಮಡಿಲಲ್ಲಿ ಜೋಳದ ಹಿಟ್ಟಿನ ಚೀಲ. ಆ ಊರಿನ ಒಲೆಯಲ್ಲಿ ಮೀನು ಬೆಂದಿರುತ್ತದೆಂದು ಹೊಸ ಹಂಚನ್ನೂ ತಂದಿದ್ದಳು.

ಬಂದ ಸಂಜೆ ಮಾಮಾ ನಮ್ಮನ್ನು ಕಡಲ ದಂಡೆಗೆ ಕರೆದೊಯ್ದರು. ಅವ್ವ ಬಹಳ ಹೊತ್ತು ನೋಡಿದಳು. ಬೊಗಸೆಯಲ್ಲಿ ನೀರೆತ್ತಿ ನಾಲಗೆಗೆ ಮುಟ್ಟಿಸಿ ಉಗುಳಿದಳು.

“ಇಷ್ಟ ನೀರ ಇಟ್ಕೊಂಡು ಒಂದ ತಂಬಗಿ ಕುಡ್ಯಾಕ ಬರಂಗಿಲ್ಲಂದ್ರ ಯಾತರ ದೊಡ್ಡಸ್ತಿಕಿ?” ಎಂದಳು. ನಾಲ್ಕು ಮಾತು ಮಾತ್ರ ಮರುದಿನಕ್ಕೆಂದು ಉಳಿಸಿಕೊಂಡಳು.

ಮರುದಿನ ರವಿವಾರ. ಬೆಳಗಿನಿಂದ ಮಳೆ ಒಂದೇ ಸಮನೆ ಹೊಡೆಯುತ್ತಿತ್ತು. ಹಂಚಿನ ಮನೆಯ ಗೋಡೆ ಕೆಳಗಿನಿಂದ ಒದ್ದೆಯಾಗಿ, ಮಾಮಾನ ನಕಾಶೆಗಳ ಮೇಲೆಲ್ಲ ಬಿಳಿ ಬೂಸರು ಹಿಡಿದಿತ್ತು. ಪಕ್ಕದ ಮನೆಯ ಹೆಂಗಸು ಇಣುಕಿ, “ಎಂತಾ ಮಾಡೂದು, ಇನ್ನು ನಾಲ್ಕು ತಿಂಗಳು ಬಟ್ಟೆ ಒಣಗೂದಿಲ್ಲ,” ಎಂದು ಹೇಳಿ ಹೋದಳು. ಅಡಿಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಿದ್ದಳು. ಅವ್ವ ಜಗಲಿಯಲ್ಲಿ ಮಾಮಾನ ಎದುರಿಗೆ ಕೂತು ಗಂಟಲು ಸರಿಮಾಡಿಕೊಂಡಳು. ಅಷ್ಟರಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತಿತು.

ಅಕ್ಕ ಗೋಡೆ ಹಿಡಿದುಕೊಂಡು ಹೊರಗೆ ಬಂದಳು. ಎದೆಯಿಂದ ಸೀಟಿಯಂಥ ಸದ್ದು. ತುಟಿ ಕಪ್ಪಾಗಿತ್ತು. ಅವ್ವ ಎದ್ದು ನಿಂತವಳು ಹಾಗೇ ನಿಂತುಬಿಟ್ಟಳು.

ಮಾಮಾ ಓಡಲಿಲ್ಲ, ಕೂಗಲಿಲ್ಲ. ಅಕ್ಕನನ್ನು ಕುರ್ಚಿಯ ಮೇಲೆ ಕೂಡಿಸಿ, ಮುಂದೆ ಮೇಜೆಳೆದು, ಅದರ ಮೇಲೆ ದಿಂಬಿಟ್ಟು ತೋಳು ಊರಿಸಿದರು. ಅಂಗಿಯ ಕಿಸೆಯಿಂದ ಗುಳಿಗೆ ತೆಗೆದು ಬಿಸಿನೀರಿನ ಜೊತೆ ಕೊಟ್ಟರು. ಆಮೇಲೆ ಬೆನ್ನ ಮೇಲೆ ಅಂಗೈ ಇಟ್ಟು ಮೆಲ್ಲಗೆ ಹೇಳತೊಡಗಿದರು.

“ಅವಸರ ಬ್ಯಾಡ. ಬಸ್ಸು ಹೊಂಟೈತಿ. ಬಾಗಲಕೋಟಿ. ಉಸರ ಬಿಡು. ಶಿರೂರ. ಬಿಡು. ಅಮೀನಗಡ. ಇಳ್ಯೂದು ಬ್ಯಾಡ, ಕರದಂಟು ಆಮ್ಯಾಲೆ ತರತೇನಿ. ಹುನಗುಂದ. ಇಲಕಲ್ಲ.”

ಇಲಕಲ್ಲು ತಲುಪಿ ಬಸ್ಸು ತಿರುಗಿ ಬಾಗಲಕೋಟೆಗೆ ಬಂತು. ಮತ್ತೆ ಹೊರಟಿತು. ಎಷ್ಟು ಸಲ ಹೋಗಿ ಬಂತೋ, ಅಕ್ಕನ ಭುಜದ ಏರಿಳಿತ ನಿಧಾನವಾಯಿತು. ಹಳೆಯ ರೂಢಿಯ ಕೆಲಸವೆಂಬುದು ನೋಡಿದವರಿಗೆ ತಿಳಿಯುತ್ತಿತ್ತು.

ಇಲ್ಲಿ ನಮ್ಮ ಮನೆಯ ಒಂದು ಮಾತು ಹೇಳಬೇಕು. ಅಕ್ಕನಿಗೆ ಹುಡುಗಿಯಾಗಿದ್ದಾಗಿನಿಂದಲೂ ದಮ್ಮು, ಅಂದರೆ ಉಬ್ಬಸ, ಇತ್ತು. ದಮ್ಮಿನ ಹುಡುಗಿಯನ್ನು ಯಾರು ಮಾಡಿಕೊಂಡಾರು ಎಂದು ಅವ್ವ ಆ ಶಬ್ದವನ್ನೇ ಮನೆಯಿಂದ ಹೊರಗೆ ಹಾಕಿದ್ದಳು. ಅದಕ್ಕೆ ನಮ್ಮಲ್ಲಿ ನೆಗಡಿ ಎಂದು ಹೆಸರು. ಮಾಮಾನ ಕಡೆಯವರು ಹೆಣ್ಣು ನೋಡಲು ಬಂದ ದಿನ ಅಕ್ಕ ಏದುಸಿರು ಬಿಟ್ಟಾಗ, “ನಿನ್ನೆ ಮಜ್ಜಗಿ ಕುಡದಾಳ್ರಿ, ನೆಗಡಿ,” ಎಂದು ಅವ್ವ ನಿಭಾಯಿಸಿದ್ದಳು. ಮದುವೆಯಾದ ಮೇಲೆ ಅಳಿಯ ಒಂದು ದಿನವೂ ದೂರು ತರಲಿಲ್ಲ, ಅಕ್ಕನೂ ಬಾಯಿ ಬಿಡಲಿಲ್ಲ. ಕೂಡಲಸಂಗಮಕ್ಕೆ ಹೊತ್ತ ಹರಕೆ ಫಲಿಸಿ ಮಗಳ ರೋಗ ಹೋಗಿದೆ ಎಂದು ಅವ್ವ ಇಷ್ಟು ವರ್ಷ ನಂಬಿದ್ದಳು, ನಾನೂ ನಂಬಿದ್ದೆ.

ಈಗ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು, “ಅಳಿಯಂದ್ರ, ಅಕಿಗೆ ಬರೇ ನೆಗಡಿ...” ಎಂದಳು.

“ಹೌದ್ರಿ ಅತ್ತಿ, ನೆಗಡಿನ,” ಎಂದರು ಮಾಮಾ. “ಲಗ್ನ ಆದ ಮೊದಲನೇ ತಿಂಗಳದಿಂದ ನೋಡಾಕತ್ತೇನಿ. ಭಾಳ ಹಠಮಾರಿ ನೆಗಡಿ.”

ಉಸಿರು ತಿರುಗಿದ ಮೇಲೆ ಅಕ್ಕನೇ ಒಂದೊಂದಾಗಿ ಹೇಳಿದಳು. ಬಾಗಲಕೋಟೆಯಲ್ಲಿ ಮಾಳಿಗೆಯಿಂದ ದಿನವೂ ಮಣ್ಣು ಉದುರುತ್ತಿತ್ತು. ಹುನಗುಂದದಲ್ಲಿ ಹತ್ತಿ ಬಿಡಿಸುವ ಕಾಲ ಬಂದರೆ ಗಾಳಿಯ ತುಂಬ ಎಳೆ. ಇಲಕಲ್ಲಿನಲ್ಲಿ ನೂಲಿನ ಧೂಳು. ಬಾದಾಮಿಯಲ್ಲಿ ಮೊದಲು ಚಲೋ ಇದ್ದಳು. ಬೇಸಿಗೆಯ ಕೆಂಪು ಧೂಳಿನ ಗಾಳಿ ತಡೆಯಲಾಗಲಿಲ್ಲ. ಸಮುದ್ರದ ಗಾಳಿ ದಮ್ಮಿಗೆ ಒಳ್ಳೆಯದೆಂದು ಹುಬ್ಬಳ್ಳಿಯ ಡಾಕ್ಟರೊಬ್ಬರು ಹೇಳಿದ್ದರಿಂದ ಇಲ್ಲಿಗೆ ಬಂದರು. ಗಾಳಿ ಒಳ್ಳೆಯದೇ ಇತ್ತು. ಮಳೆಯ ಥಂಡಿ ಹಾಳುಮಾಡಿತು.

“ಇಷ್ಟ ವರ್ಷ ಯಾಕ ಹೇಳಲಿಲ್ರಿ?” ಎಂದು ಅವ್ವ ಮಾಮಾನನ್ನು ಕೇಳಿದಳು. “ಊರ ಮಂದಿ ನಿಮ್ಮನ್ನ ಹುಚ್ಚ ಅಂತಾರ. ನಾನೂ ಅಂದೇನಿ.”

ಮಾಮಾ ದಿಂಬು ಸರಿಮಾಡುತ್ತಿದ್ದರು. “ಇಕಿಗೆ ದಮ್ಮು ಐತಿ ಅಂತ ಹೇಳಿದ್ರ ನಮ್ಮವ್ವ ಇಕಿನ್ನ ತವರಮನಿಗೆ ಕಳಸಿ ನನಗ ಇನ್ನೊಂದು ಲಗ್ನ ಮಾಡ್ತಿದ್ಲು. ನನಗ ಹುಚ್ಚು ಐತಿ ಅಂದ್ರ ನನ್ನ ಯಾರೂ ತವರಮನಿಗೆ ಕಳಸಂಗಿಲ್ಲಲ್ರಿ.”

ನಮಗೆಲ್ಲ ನಗು ಬಂತು. ಅಕ್ಕನಿಗೂ ಬಂತು, ನಕ್ಕರೆ ಮತ್ತೆ ಉಸಿರು ಹಿಡಿಯುತ್ತದೆ ಎಂದು ಮಾಮಾ ಅವಳನ್ನು ಗದರಿದರು. ಅವ್ವ ಮಾತ್ರ ನಗುತ್ತಲೇ ಅಳುತ್ತಿದ್ದಳು.

ಮುಂದಿನ ಊರನ್ನು ಹುಡುಕಿದವಳು ಅವ್ವ. ಊರಿಗೆ ಮರಳಿದ ಮೇಲೆ ಅವಳ ಕಾಲು ಮನೆಯಲ್ಲಿ ನಿಲ್ಲಲಿಲ್ಲ. ನೆಂಟರ ನೆಪ ಮಾಡಿ ಊರೂರು ಅಲೆದಳು. ಬಸ್ಸಿನಲ್ಲಿ ಪಕ್ಕ ಕೂತವರಿಗೆಲ್ಲ “ನಿಮ್ಮ ಊರಾಗ ದಮ್ಮಿನವರು ಹೆಂಗದಾರ್ರಿ?” ಎಂದು ಕೇಳುತ್ತಿದ್ದಳು. ಹೌದು, ದಮ್ಮು ಎಂದೇ ಕೇಳುತ್ತಿದ್ದಳು. ಕೊನೆಗೆ ಗುಡೂರಿನಲ್ಲಿ, ಊರ ಅಂಚಿಗೆ, ಕಲ್ಲುಚಪ್ಪಡಿಯ ಮಾಳಿಗೆಯ ಮನೆಯೊಂದನ್ನು ಗೊತ್ತುಮಾಡಿದಳು. ಮಾಲಕ ಒಂದು ಖೋಲಿಯಲ್ಲಿ ಹತ್ತಿಯ ಚೀಲ ಇಟ್ಟಿದ್ದ. “ಮದಲ ಅವು ಹೊರಗ ಬರಲಿ, ಆಮ್ಯಾಲೆ ನಮ್ಮ ಅಳಿಯಂದ್ರು ಒಳಗ ಬರತಾರ,” ಎಂದು ಅವ್ವ ಬಾಗಿಲಲ್ಲೇ ನಿಂತು ಚೀಲ ಹೊರಿಸಿದಳಂತೆ.

ಗುಡೂರಿನಲ್ಲಿ ಅಕ್ಕನ ದಮ್ಮು ಪೂರ್ತಿ ಹೋಗಲಿಲ್ಲ. ಕಡಿಮೆಯಾಯಿತು. ಅದು ಗಾಳಿಯಿಂದಲೋ, ಆಗ ಬಂದ ಹೊಸ ಔಷಧದಿಂದಲೋ, ಮುಚ್ಚಿಡುವುದು ಮುಗಿದದ್ದರಿಂದಲೋ ಯಾರು ಹೇಳಬೇಕು?

ಎಂಬತ್ತರ ದಶಕ ಮುಗಿಯುತ್ತ ಬಂದಾಗ ಒಂದು ರವಿವಾರ ಮಧ್ಯಾಹ್ನ ಅಲ್ಲಿಗೆ ಹೋಗಿದ್ದೆ. ಬಾಗಲಕೋಟೆಯ ಶಾಲೆಯಲ್ಲಿ ಮುಖ್ಯೋಪಾಧ್ಯಾಯರ ಜಾಗ ಖಾಲಿಯಾಗಿದೆ, ಮಾಮಾ ಕೇಳಿದರೆ ಸಿಗುತ್ತದೆ ಎಂಬ ಸುದ್ದಿ ನನ್ನ ಹತ್ತಿರವಿತ್ತು. ಮಾಮಾ ಹೊಸ್ತಿಲ ಮೇಲೆ ಚೌಕಟ್ಟಿಗೆ ಒರಗಿ ಕೂತಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿದರು. ಒಳಗೆ ನೋಡಿದೆ. ಅಕ್ಕ ಚಾಪೆಯ ಮೇಲೆ, ದಿಂಬಿಲ್ಲದೆ, ಅಂಗಾತ ಮಲಗಿ ನಿದ್ದೆ ಹೋಗಿದ್ದಳು. ಮದುವೆಯಾದ ಮೇಲೆ ವರ್ಷಗಟ್ಟಲೆ ಅವಳು ಗೋಡೆಗೆ ಒರಗಿ ಕೂತೇ ನಿದ್ದೆ ಮಾಡಿದವಳು. ಎದೆ ಸದ್ದಿಲ್ಲದೆ ಏರಿ ಇಳಿಯುತ್ತಿತ್ತು.

ನಾನು ಮಾಮಾನ ಪಕ್ಕ ಕೂತು ಪಿಸುದನಿಯಲ್ಲಿ ಸುದ್ದಿ ಹೇಳಿದೆ. ಅವರು ಕೇಳಿಸಿಕೊಂಡರೋ ಇಲ್ಲವೋ, ಕಣ್ಣು ಒಳಗೇ ಇತ್ತು. ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು.

“ನಿನ್ನ ಬಸ್ಸು ಬಂತು, ಹೋಗು ತಮ್ಮಾ,” ಎಂದರು. “ನಾ ಇಲ್ಲೇ ಇರ್ತೇನಿ.”